ಗುಂಪು ಮತ್ತು ಗುಣ: ಸಾಮೂಹಿಕ ಮನಶ್ಚಿಕಿತ್ಸೆಯ ಒಂದು ವಿಮರ್ಶೆ

1

ಮನಸ್ಸಿನ ಬೇನೆಗೆ ಮಾತು ಮದ್ದಾಗಬಲ್ಲದೆಂಬ ತಿಳಿವಳಿಕೆ ಹೊಸದಲ್ಲ. ಆದರೆ ಆ ಮಾತು ಇಬ್ಬರ ನಡುವೆ, ಮುಚ್ಚಿದ ಬಾಗಿಲಿನ ಹಿಂದೆ ನಡೆಯತಕ್ಕದ್ದೆಂಬ ಭಾವನೆ ವೈದ್ಯಲೋಕದಲ್ಲಿ ಬಹುಕಾಲ ಬೇರೂರಿತ್ತು. ಈ ಭಾವನೆಯನ್ನು ಮೊದಲು ಅಲುಗಿಸಿದವರಲ್ಲಿ ಒಬ್ಬರು ಮನೋವೈದ್ಯರೇ ಅಲ್ಲ. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು, ಆರೋಗ್ಯಧಾಮದ ವೆಚ್ಚವನ್ನು ತಾಳಲಾರದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸಿ, ಮನೆಯಲ್ಲಿ ನಡೆಸಬೇಕಾದ ಪಥ್ಯ ಮತ್ತು ವಿಶ್ರಾಂತಿಗಳ ಕ್ರಮವನ್ನು ಬೋಧಿಸತೊಡಗಿದರು. ಸೇರಿಸಿದ್ದು ಅನುಕೂಲಕ್ಕಾಗಿ. ಆದರೆ ಸೇರಿದವರು ಒಬ್ಬರನ್ನೊಬ್ಬರು ಕಂಡು ಧೈರ್ಯ ತಾಳುತ್ತಿದ್ದುದು ಅವರ ಗಮನಕ್ಕೆ ಬಂದಿತು. ನಮ್ಮ ದೇಶದಲ್ಲಿಯೂ ಇದಕ್ಕೆ ಸಂವಾದಿಯಾದ ಒಂದು ಘಟನೆಯುಂಟು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಚಿಕಿತ್ಸಾಲಯದ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳಿಗೆ ಆಸ್ಪತ್ರೆಯ ಅಂಗಳದಲ್ಲಿಯೇ ಡೇರೆಗಳನ್ನು ಹಾಕಿಸಿ, ರೋಗಿಗಳೂ ಬಂಧುಗಳೂ ಕೂಡಿ ಕುಳಿತಲ್ಲಿ ಮಾತನಾಡುತ್ತಿದ್ದರು. ಅಲ್ಲಿಯೂ ಮೊದಲ ಕಾರಣ ಸೌಕರ್ಯದ ಕೊರತೆ. ಅನಂತರ ಕಂಡುಬಂದದ್ದು ಕೂಟದ ಗುಣ.

ಅರಿವು-ವರ್ತನ ಚಿಕಿತ್ಸೆ ಎಂದು ಕನ್ನಡದಲ್ಲಿ ಕರೆಯಬಹುದಾದ ಪದ್ಧತಿಯು ಗುಂಪಿಗೆ ಕಾಲಿಟ್ಟದ್ದೂ ಇದೇ ಬಾಗಿಲಿನಿಂದ. ಮನುಷ್ಯನನ್ನು ಕುಗ್ಗಿಸುವುದು ಘಟನೆಯೊಂದೇ ಅಲ್ಲ, ಘಟನೆಯ ಬಗ್ಗೆ ಅವನಲ್ಲಿ ತಾನಾಗಿ ಮೂಡುವ ಆಲೋಚನೆಯೂ ಹೌದು; ಆ ಆಲೋಚನೆಯನ್ನು ಸಾಕ್ಷ್ಯದ ಮುಂದೆ ನಿಲ್ಲಿಸಿ ಪರೀಕ್ಷಿಸಬೇಕು; ಪರೀಕ್ಷೆಗೆ ತಕ್ಕಂತೆ ವರ್ತನೆಯನ್ನೂ ಸ್ವಲ್ಪಸ್ವಲ್ಪವಾಗಿ ಬದಲಿಸಿ ನೋಡಬೇಕು: ಆರನ್ ಬೆಕ್ ಅವರು ನಿರೂಪಿಸಿದ ಈ ಕ್ರಮದ ಸಾರಾಂಶ ಇಷ್ಟು. 1979ರಲ್ಲಿ ಅವರೂ ಅವರ ಸಹಚರರೂ ಪ್ರಕಟಿಸಿದ ಖಿನ್ನತೆಯ ಚಿಕಿತ್ಸೆಯನ್ನು ಕುರಿತ ಗ್ರಂಥದಲ್ಲಿಯೇ ಗುಂಪಿನ ಚಿಕಿತ್ಸೆಗೆಂದು ಒಂದು ಅಧ್ಯಾಯವಿದೆ. ಒಬ್ಬ ಚಿಕಿತ್ಸಕನ ಒಂದು ಗಂಟೆಯಲ್ಲಿ ಒಬ್ಬನ ಬದಲು ಆರೆಂಟು ಮಂದಿಗೆ ಉಪಕಾರವಾಗುವುದಾದರೆ ಅದನ್ನು ಬೇಡವೆನ್ನುವವರು ಯಾರು? ಮಿತವ್ಯಯವೇ ಮುಖ್ಯ ಪ್ರೇರಣೆಯಾಗಿದ್ದುದರಿಂದ, ಗುಂಪನ್ನು ಒಂದು ಪಾತ್ರೆಯೆಂದು ತಿಳಿಯುವ ಅಭ್ಯಾಸ ಬೆಳೆಯಿತು. ಔಷಧ ಒಂದೇ, ಅದನ್ನು ಲೋಟದಲ್ಲಿ ಕೊಟ್ಟರೇನು, ಕೊಳದಪ್ಪಲೆಯಲ್ಲಿ ಕಾಯಿಸಿ ಹಂಚಿದರೇನು?

ಈ ತಿಳಿವಳಿಕೆ ಎಷ್ಟು ಸರಿ ಎಂಬುದೇ ಪ್ರಕೃತ ವಿಚಾರದ ವಿಷಯ. ಗುಂಪು ಬರಿಯ ಪಾತ್ರೆಯಲ್ಲವೆಂಬುದನ್ನು ಸಂಶೋಧನೆಗಳೇ ತೋರಿಸಿಕೊಟ್ಟಿವೆ. ಹಾಗೆಂದು ಅದೇ ಔಷಧವೆಂದು ಹೇಳುವಂತೆಯೂ ಇಲ್ಲ. ಆಯುರ್ವೇದದಲ್ಲಿ ಅನುಪಾನವೆಂಬ ಒಂದು ಮಾತಿದೆ. ಒಂದೇ ಭಸ್ಮವನ್ನು ಜೇನಿನಲ್ಲಿ ಕೊಟ್ಟಾಗ ಒಂದು ಗುಣ, ತುಪ್ಪದಲ್ಲಿ ಕೊಟ್ಟಾಗ ಇನ್ನೊಂದು ಗುಣ. ಗುಂಪು ಇಂತಹ ಅನುಪಾನ. ಅದು ಯಾವುದರಿಂದ ಆಗಿದೆ, ಯಾರು ಯಾರೊಡನೆ ಯಾವ ಭಾಷೆಯಲ್ಲಿ ಕುಳಿತಿದ್ದಾರೆ, ಹೊರಗೆ ಹೋದ ಮೇಲೆ ಅವರು ಪರಸ್ಪರ ಏನಾಗಿರುತ್ತಾರೆ ಎಂಬುದನ್ನು ಅನುಸರಿಸಿ ಮದ್ದಿನ ಫಲ ಬದಲಾಗುತ್ತದೆ. ಹುಟ್ಟೂರನ್ನು ಬಿಟ್ಟು ಬೇರೆ ಭಾಷೆಯ ನಗರದಲ್ಲಿ ನೆಲಸಿದವನಿಗೆ ಈ ವಿಚಾರ ಪುಸ್ತಕದ ವಿಚಾರವಾಗಿ ಉಳಿಯುವುದಿಲ್ಲ.

2

ಗುಂಪಿನ ಒಳಚಲನೆಗಳನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಕುರ್ಟ್ ಲೆವಿನ್. ಅವುಗಳ ಅಭ್ಯಾಸಕ್ಕೆಂದೇ 1945ರಲ್ಲಿ ಅಮೆರಿಕದಲ್ಲಿ ಒಂದು ಸಂಶೋಧನ ಕೇಂದ್ರವನ್ನು ಅವರು ಸ್ಥಾಪಿಸಿದರು. ಚಿಕಿತ್ಸೆಯ ಗುಂಪಿಗೆ ಆ ದೃಷ್ಟಿಯನ್ನು ವ್ಯಾಪಕವಾಗಿ ಅನ್ವಯಿಸಿದ ಗ್ರಂಥವೆಂದರೆ ಇರ್ವಿನ್ ಯಾಲಮ್ ಅವರು 1970ರಲ್ಲಿ ಪ್ರಕಟಿಸಿದ, ಸಾಮೂಹಿಕ ಮನಶ್ಚಿಕಿತ್ಸೆಯ ತತ್ತ್ವ ಮತ್ತು ಪ್ರಯೋಗಗಳನ್ನು ಕುರಿತ ಕೃತಿ. ಗುಂಪು ಗುಣಪಡಿಸುವ ಬಗೆಗಳನ್ನು ಹನ್ನೊಂದು ಅಂಶಗಳಾಗಿ ಎಣಿಸುವ ಅವರ ಕ್ರಮ ಪ್ರಸಿದ್ಧವಾಗಿದೆ. ಅವುಗಳಲ್ಲಿ ಮೂರನ್ನು ಇಲ್ಲಿ ನೆನೆದರೆ ಸಾಕು. ಆಶೆಯ ಉದಯ ಮೊದಲನೆಯದು: ತನಗಿಂತ ಮುಂದೆ ನಡೆದವನನ್ನು ಕಣ್ಣಾರೆ ಕಾಣುವುದು. ಎರಡನೆಯದು ಸಮಾನತೆಯ ಅರಿವು: ಈ ಕೇಡು ತನಗೊಬ್ಬನಿಗೇ ಬಂದದ್ದಲ್ಲವೆಂದು ತಿಳಿಯುವುದು. ಮೂರನೆಯದು ಗುಂಪಿನ ಬಂಧ, ಎಂದರೆ ಇಲ್ಲಿ ತನಗೊಂದು ಸ್ಥಳವಿದೆಯೆಂಬ ನಂಬಿಕೆ.

ಅರಿವು-ವರ್ತನ ಚಿಕಿತ್ಸಕರು ಯಾಲಮ್ ಅವರ ಮಾತನ್ನು ಬಹುಕಾಲ ದೂರದಿಂದಲೇ ಗೌರವಿಸಿದರು. ಅವರ ಗುಂಪು ತರಗತಿಯಂತೆ ನಡೆಯುತ್ತಿತ್ತು. ಕಾರ್ಯಸೂಚಿ, ಪಾಠ, ಅಭ್ಯಾಸ, ಮುಂದಿನ ವಾರಕ್ಕೆ ಮನೆಯ ಲೆಕ್ಕ: ಇಷ್ಟರಲ್ಲಿ ಗಂಟೆ ಮುಗಿಯುತ್ತಿತ್ತು. ಈ ಕೊರತೆಯನ್ನು ತುಂಬಲು ಹೊರಟ ಕೃತಿಗಳಲ್ಲಿ ಪೀಟರ್ ಬೀಲಿಂಗ್, ರ‍್ಯಾಂಡಿ ಮೆಕೇಬ್ ಮತ್ತು ಮಾರ್ಟಿನ್ ಆಂಟನಿ ಎಂಬ ಮೂವರು ಕೆನಡಾದ ವಿದ್ವಾಂಸರು 2006ರಲ್ಲಿ ಬರೆದ, ಗುಂಪುಗಳಲ್ಲಿ ಅರಿವು-ವರ್ತನ ಚಿಕಿತ್ಸೆಯನ್ನು ಕುರಿತ ಗ್ರಂಥಕ್ಕೆ ಮುಖ್ಯ ಸ್ಥಾನವುಂಟು. ತಂತ್ರ ಬೇರೆ, ಗುಂಪಿನ ನಡೆ ಬೇರೆ ಎಂಬ ಭೇದವನ್ನು ಅದು ಒಪ್ಪುವುದಿಲ್ಲ. ಯಾಲಮ್ ಮೊದಲಾದವರ ಎಣಿಕೆಯನ್ನು ತಮ್ಮ ಪದ್ಧತಿಗೆ ಹೊಂದಿಸಿ, ಆಶಾಭಾವ, ಒಳಗೊಳ್ಳುವಿಕೆ, ಗುಂಪಿನಿಂದ ಕಲಿಕೆ, ತನ್ನ ಮೇಲಿನ ಗಮನವನ್ನು ಇತರರ ಕಡೆಗೆ ತಿರುಗಿಸುವುದು, ಕೆಟ್ಟ ಸಂಬಂಧಕ್ರಮಗಳ ತಿದ್ದುಪಡಿ, ಬಂಧ, ಭಾವದ ಪರಿಷ್ಕಾರ ಎಂಬ ಏಳು ಅಂಶಗಳನ್ನು ಅದು ಮುಂದಿಡುತ್ತದೆ. ಒಬ್ಬನ ಆಲೋಚನೆಯನ್ನು ಚಿಕಿತ್ಸಕನೇ ಪ್ರಶ್ನಿಸುವುದಕ್ಕಿಂತ, ಅದೇ ಬೇನೆಯುಳ್ಳ ಇನ್ನೊಬ್ಬನು ಪ್ರಶ್ನಿಸಿದರೆ ನಾಟುವುದು ಹೆಚ್ಚು ಎಂಬ ಅದರ ಮೂಲದೃಷ್ಟಿ ಯುಕ್ತವಾದದ್ದು. ಚಿಕಿತ್ಸಕನು ಹೇಳಿದರೆ ಅದು ಅವನ ವೃತ್ತಿ. ಸಹರೋಗಿ ಹೇಳಿದರೆ ಅದು ಸಾಕ್ಷಿ.

ಆದರೂ ಈ ಗ್ರಂಥಪರಂಪರೆ ಕಲ್ಪಿಸಿಕೊಳ್ಳುವ ಗುಂಪಿನಲ್ಲಿ ಒಂದು ವಿಚಿತ್ರವಾದ ಶೂನ್ಯತೆಯಿದೆ. ಅದರ ಸದಸ್ಯರಿಗೆ ರೋಗದ ಹೆಸರುಂಟು, ವಯಸ್ಸುಂಟು, ಸ್ವಭಾವಭೇದವುಂಟು, ನೆರೆಹೊರೆಯಿಲ್ಲ. ಅವರು ಅಪರಿಚಿತರಾಗಿ ಬಂದು, ಹನ್ನೆರಡು ಹದಿನಾಲ್ಕು ವಾರ ಅಂತರಂಗವನ್ನು ಹಂಚಿಕೊಂಡು, ಮತ್ತೆ ಅಪರಿಚಿತರಾಗಿ ಮಹಾನಗರದಲ್ಲಿ ಕರಗಿಹೋಗುತ್ತಾರೆ. ಹೊರಗೆ ಭೇಟಿಯಾಗಬಾರದು, ಒಳಗಿನ ಮಾತನ್ನು ಹೊರಗೆ ಆಡಬಾರದು ಎಂಬ ನಿಯಮಗಳು ಅಂತಹ ಗುಂಪಿನಲ್ಲಿ ನಡೆದಾವು. ಸದಸ್ಯರಿಬ್ಬರ ಮಕ್ಕಳು ಒಂದೇ ಶಾಲೆಯಲ್ಲಿ ಓದುತ್ತಿದ್ದರೆ, ಒಬ್ಬನ ಮಗಳಿಗೆ ಇನ್ನೊಬ್ಬನ ಸೋದರಳಿಯನ ಜಾತಕ ಬಂದಿದ್ದರೆ, ಆ ನಿಯಮಗಳ ಗತಿಯೇನು? ಗ್ರಂಥವು ಎಣಿಸಿದ ಏಳೂ ಅಂಶಗಳು ಇಂತಹ ಗುಂಪಿನಲ್ಲಿ ತಲೆಕೆಳಗಾಗಬಲ್ಲವು.

3

ಫಲದ ವಿಷಯದಲ್ಲಿ ಪ್ರಯೋಗಗಳು ಏನು ಹೇಳುತ್ತವೆಂಬುದನ್ನು ಮೊದಲು ನೋಡಬೇಕು. 1981ರಲ್ಲಿ ರಷ್ ಮತ್ತು ವಾಟ್ಕಿನ್ಸ್ ನಡೆಸಿದ ಒಂದು ಪ್ರಾರಂಭಿಕ ಪರಿಶೀಲನೆಯಲ್ಲಿ, ಖಿನ್ನತೆಗೆ ಗುಂಪಿನ ಚಿಕಿತ್ಸೆಗಿಂತ ಒಬ್ಬೊಬ್ಬರಿಗೆ ನಡೆಸಿದ ಚಿಕಿತ್ಸೆ ಮೇಲಾಗಿ ಕಂಡಿತು. ಕಾಲ ಸಂದಂತೆ ಚಿತ್ರ ಬದಲಾಯಿತು. ಬರ್ಲಿಂಗೇಮ್ ಮತ್ತು ಸಹಚರರು 2016ರಲ್ಲಿ, ಇಪ್ಪತ್ತೈದು ವರ್ಷಗಳ ಪರಿಶೀಲನೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆಯ ರೀತಿ, ರೋಗಿಗಳ ಬಗೆ ಮತ್ತು ಪ್ರಮಾಣ ಒಂದೇ ಆಗಿದ್ದಲ್ಲಿ ಗುಂಪಿಗೂ ಏಕಾಂತಕ್ಕೂ ಫಲದಲ್ಲಿ ಭೇದ ಕಾಣಲಿಲ್ಲ. ಆದರೆ ಎಲ್ಲ ಬೇನೆಗಳಿಗೂ ಈ ಮಾತು ಸಲ್ಲುವುದಿಲ್ಲ. ಜನರ ಮುಂದೆ ನಿಲ್ಲಲು, ಮಾತನಾಡಲು ಅಂಜುವವರ ವಿಷಯದಲ್ಲಿ, 2013ರ ಬ್ರಿಟಿಷ್ ಸರ್ಕಾರಿ ಮಾರ್ಗಸೂಚಿಯು ಏಕಾಂತ ಚಿಕಿತ್ಸೆಯನ್ನೇ ಮೊದಲು ನೀಡಬೇಕೆಂದೂ, ಅದರ ಬದಲಿಗೆ ಗುಂಪಿನ ಚಿಕಿತ್ಸೆಯನ್ನು ವಾಡಿಕೆಯಾಗಿ ನೀಡಬಾರದೆಂದೂ ಹೇಳಿತು.

ಗುಂಪಿನ ಬಂಧಕ್ಕೂ ಫಲಕ್ಕೂ ಇರುವ ಸಂಬಂಧದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಸಭಾಭೀತಿಯುಳ್ಳವರ ಗುಂಪುಗಳನ್ನೇ ಪರಿಶೀಲಿಸಿ ವುಡಿ ಮತ್ತು ಅಡೆಸ್ಕಿ ಎಂಬವರು 2002ರಲ್ಲಿ, ವಾರಗಳು ಕಳೆದರೂ ಬಂಧವು ಬೆಳೆಯಲಿಲ್ಲ, ಅದಕ್ಕೂ ಗುಣಕ್ಕೂ ಸಂಬಂಧ ಕಾಣಲಿಲ್ಲ ಎಂದು ವರದಿಮಾಡಿದರು. ಐದೇ ವರ್ಷಗಳ ಬಳಿಕ, 2007ರಲ್ಲಿ, ಟಾಬ್-ಶಿಫ್ ಮತ್ತು ಸಹಚರರು ಅದೇ ಬೇನೆಯ ಗುಂಪುಗಳಲ್ಲಿ ಬಂಧ ಬೆಳೆಯಿತೆಂದೂ, ಬೆಳೆದಷ್ಟೂ ಗುಣ ಹೆಚ್ಚಿತೆಂದೂ ಕಂಡರು. ಮೇಲೆ ಹೇಳಿದ ಗ್ರಂಥದ ಮೂವರು ಕರ್ತರೂ ಈ ಎರಡನೆಯ ಪರಿಶೀಲನೆಯಲ್ಲಿ ಪಾಲುಗೊಂಡಿದ್ದರು. ಎರಡು ಫಲಿತಾಂಶಗಳಲ್ಲಿ ಒಂದು ಸುಳ್ಳೆಂದು ತಳ್ಳುವುದು ವಿಮರ್ಶೆಯಾಗದು. ಒಂದೇ ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ಎರಡು ಗುಂಪುಗಳು ಒಂದೇ ಆಗಿರುವುದಿಲ್ಲವೆಂಬುದೇ ಅವುಗಳ ತಾತ್ಪರ್ಯವಿರಬಹುದು.

ಒಟ್ಟಾರೆ ಲೆಕ್ಕ ಹೀಗಿದೆ. 2011ರಲ್ಲಿ ಬರ್ಲಿಂಗೇಮ್ ಮತ್ತು ಸಹಚರರು 40 ಪರಿಶೀಲನೆಗಳನ್ನು ಕೂಡಿಸಿದಾಗ ಬಂಧಕ್ಕೂ ಫಲಕ್ಕೂ ನಡುವಣ ಸಹಸಂಬಂಧ 0.25 ಎಂದು ಕಂಡಿತು. 2018ರಲ್ಲಿ 55 ಪರಿಶೀಲನೆಗಳನ್ನು ಕೂಡಿಸಿದಾಗ 0.26. ಗಣಿತದ ಭಾಷೆಯನ್ನು ಬಿಟ್ಟು ಹೇಳುವುದಾದರೆ, ರೋಗಿಗಳ ಫಲದಲ್ಲಿ ಕಾಣುವ ಏರಿಳಿತದ ಸುಮಾರು ಶೇಕಡ 6 ಭಾಗ ಬಂಧದ ಏರಿಳಿತದೊಡನೆ ಹೆಣೆದುಕೊಂಡಿದೆ. ಅರಿವು-ವರ್ತನ ಗುಂಪುಗಳನ್ನಷ್ಟೇ ಬೇರೆಯಾಗಿ ತೆಗೆದುಕೊಂಡಾಗ 2011ರ ಲೆಕ್ಕದಲ್ಲಿ ಸಂಬಂಧ ಇನ್ನೂ ಕ್ಷೀಣವಾಗಿತ್ತು. ಐದರಿಂದ ಒಂಬತ್ತು ಮಂದಿಯುಳ್ಳ, ಹನ್ನೆರಡಕ್ಕೂ ಹೆಚ್ಚು ಸಲ ಕೂಡಿದ ಗುಂಪುಗಳಲ್ಲಿ ಅದು ಬಲವಾಗಿತ್ತು. ಗುಂಪಿನ ಮಹಿಮೆಯನ್ನು ಹೊಗಳುವವರು ಈ ಅಂಕಿಗಳ ಮಿತವಾದ ಧ್ವನಿಯನ್ನು ಕೇಳಿಸಿಕೊಳ್ಳಬೇಕು. ಗುಂಪು ಬರಿಯ ಪಾತ್ರೆಯೆನ್ನುವವರೂ ಕೇಳಿಸಿಕೊಳ್ಳಬೇಕು. ಸರಾಸರಿಯು ಚಿಕ್ಕದಾಗಿರುವುದಕ್ಕೆ, ಕೆಲವು ಗುಂಪುಗಳಲ್ಲಿ ಬಂಧವು ಬಹುವಾಗಿ ಸಹಾಯಮಾಡಿ ಕೆಲವಲ್ಲಿ ಏನೂ ಮಾಡದಿರುವುದೂ ಒಂದು ಕಾರಣವಾಗಬಲ್ಲದು.

ಏಕೆಂದರೆ ಗುಂಪಿನ ಚಲನೆ ಗುಣದ ಕಡೆಗೇ ಸಾಗಬೇಕೆಂಬ ನಿಯಮವಿಲ್ಲ. ಒಬ್ಬನೇ ಮಾತನಾಡಿ ಉಳಿದವರ ಹೊತ್ತನ್ನು ನುಂಗಬಹುದು. ಹತಾಶನೊಬ್ಬನ ನುಡಿ ಎಲ್ಲರಲ್ಲೂ ಹಬ್ಬಬಹುದು. ಮುಂದೆ ನಡೆದವನನ್ನು ಕಂಡು ಆಶೆ ಹುಟ್ಟುವ ಬದಲು ತಾನು ಹಿಂದುಳಿದೆನೆಂಬ ಕೊರಗು ಹುಟ್ಟಬಹುದು. ನಮ್ಮ ನಾಡಿನ ಕೂಟಗಳಿಗೆ ವಿಶೇಷವಾದ ಇನ್ನೊಂದು ದೋಷವುಂಟು, ಅದು ಉಪದೇಶ. ಒಬ್ಬನು ತನ್ನ ಸಂಕಟವನ್ನು ತೆರೆದಿಟ್ಟನೋ ಇಲ್ಲವೋ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ದೇವರಿದ್ದಾನೆ, ಬೆಳಿಗ್ಗೆ ಬೇಗ ಎದ್ದು ನಡೆಯಿರಿ ಎಂದು ನಾಲ್ಕು ಕಡೆಯಿಂದ ಬುದ್ಧಿವಾದ ಬೀಳುತ್ತದೆ. ಹೇಳುವವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಈ ಚಿಕಿತ್ಸೆಯ ಪ್ರಾಣವಿರುವುದು ಬುದ್ಧಿವಾದದಲ್ಲಲ್ಲ, ಪ್ರಶ್ನೆಯಲ್ಲಿ. ಹಾಗೆಂದು ನಿಮಗೆ ತಿಳಿದದ್ದು ಹೇಗೆ, ಬೇರೆ ಅರ್ಥ ಸಾಧ್ಯವೆ, ಗೆಳೆಯನಿಗೆ ಹೀಗಾಗಿದ್ದರೆ ನೀವು ಏನು ಹೇಳುತ್ತಿದ್ದಿರಿ ಎಂದು ಕೇಳುವ ಗುಂಪು ಗುಣಪಡಿಸುತ್ತದೆ. ಸಂತೈಸಿ ಬಾಯಿ ಮುಚ್ಚಿಸುವ ಗುಂಪಿನಲ್ಲಿ ಬಂಧವೇನೋ ಗಾಢವಾಗಿರುತ್ತದೆ. ಬೇನೆಯೂ ಹಾಗೆಯೇ ಉಳಿದಿರುತ್ತದೆ.

4

ಪರಿಚಿತರ ಗುಂಪು ಎಲ್ಲೆಡೆಯೂ ಅಪಾಯಕರವೆಂದು ಇದರಿಂದ ತೀರ್ಮಾನಿಸಬಾರದು. ಕರ್ನಾಟಕದಲ್ಲಿಯೇ ಇದಕ್ಕೆ ಪ್ರತ್ಯುದಾಹರಣೆಯಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ದಶಕಗಳಿಂದ ಊರೂರುಗಳಲ್ಲಿ ನಡೆದುಬಂದಿರುವ ಮದ್ಯವರ್ಜನ ಶಿಬಿರಗಳು ಶಾಸ್ತ್ರೋಕ್ತವಾದ ಅರಿವು-ವರ್ತನ ಚಿಕಿತ್ಸೆಗಳಲ್ಲ; ಪ್ರಾರ್ಥನೆ, ಭಜನೆ, ಉಪನ್ಯಾಸ, ಆತ್ಮಾವಲೋಕನಗಳ ಮಿಶ್ರಣ ಅವು. ಕುಡಿತಕ್ಕೆ ಸಿಲುಕಿದವರು ಕೆಲವು ದಿನ ಒಂದೆಡೆ ವಾಸಿಸುತ್ತಾರೆ. ಊರಿನವರೇ ವ್ಯವಸ್ಥೆಯ ಭಾರ ಹೊರುತ್ತಾರೆ. ಮನೆಯವರೂ ಬಂದು ಸೇರುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ನವಜೀವನ ಸಮಿತಿಯೆಂಬ ಹೆಸರಿನಲ್ಲಿ ಆಗಾಗ ಕೂಡುತ್ತಾರೆ. ಗುಂಪಿನ ದೃಷ್ಟಿಯಿಂದ ಇಲ್ಲಿ ಗಮನಿಸತಕ್ಕದ್ದು ಒಂದೇ: ಇಲ್ಲಿ ಗುಟ್ಟೆಂಬುದಿಲ್ಲ. ಕುಡುಕನ ಕುಡಿತ ಊರಿಗೆಲ್ಲ ತಿಳಿದದ್ದೇ. ಒಪ್ಪಿಕೊಳ್ಳುವುದರಿಂದ ಅವನು ಕಳೆದುಕೊಳ್ಳುವುದೇನೂ ಇಲ್ಲ. ಬಿಟ್ಟವನೆಂದು ಊರು ಕಾಣುವುದರಿಂದ ಗಳಿಸುವುದು ಬಹಳ. ಹಿಂದೆ ನಾಚಿಸಿದ ಊರಕಣ್ಣು ಈಗ ಕಾವಲಿನ ಕಣ್ಣಾಗುತ್ತದೆ.

ದೂರದ ಉಗಾಂಡದ ನಿದರ್ಶನ ಇದನ್ನೇ ಬೇರೆ ರೀತಿಯಲ್ಲಿ ಸಮರ್ಥಿಸುತ್ತದೆ. ಬೋಲ್ಟನ್ ಮತ್ತು ಸಹಚರರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ದೇಶದ ನೈಋತ್ಯ ಭಾಗದ ಹಳ್ಳಿಗಳ ಖಿನ್ನರನ್ನು ಗಂಡಸರು ಬೇರೆ, ಹೆಂಗಸರು ಬೇರೆಯಾಗಿ, ಅವರವರ ಊರಿನಲ್ಲಿಯೇ ಗುಂಪುಗೂಡಿಸಿ, ಸ್ಥಳೀಯರನ್ನೇ ತರಬೇತಿಗೊಳಿಸಿ ನಾಯಕರನ್ನಾಗಿ ಮಾಡಿ, ಹದಿನಾರು ವಾರ ಚಿಕಿತ್ಸೆ ನಡೆಸಿದರು. ಅದು ಪರಸ್ಪರ ಸಂಬಂಧಗಳನ್ನು ಕುರಿತ ಚಿಕಿತ್ಸೆ, ಅರಿವು-ವರ್ತನ ಪದ್ಧತಿಯಲ್ಲ. ಖಿನ್ನತೆಗೆ ಪುಸ್ತಕದ ಹೆಸರನ್ನು ಹೊರಿಸದೆ, ಆ ಜನರೇ ತಮ್ಮ ನುಡಿಯಲ್ಲಿ ಬಳಸುತ್ತಿದ್ದ ಹೆಸರುಗಳಿಂದ ಪ್ರಾರಂಭಿಸಿದ್ದು ಅದರ ವಿಶೇಷ. ಚಿಕಿತ್ಸೆ ಪಡೆಯದ ಹಳ್ಳಿಗಳಿಗಿಂತ ಪಡೆದ ಹಳ್ಳಿಗಳಲ್ಲಿ ಗುಣ ಬಹಳ ಹೆಚ್ಚಾಗಿ ಕಂಡಿತು. ಅಲ್ಲಿನ ದುಃಖಗಳಲ್ಲಿ ಬಹುಪಾಲು ಮರಣ, ರೋಗ, ಬಡತನಗಳಿಂದ ಬಂದ ಹಂಚಿಕೆಯ ದುಃಖಗಳು. ನೆರೆಯವನಿಂದ ಮರೆಮಾಚತಕ್ಕ ದುಃಖಗಳಲ್ಲ.

ಇವೆರಡರಿಂದ ಒಂದು ನಿಯಮವನ್ನು ಊಹಿಸಬಹುದು. ಊರಿಗೆ ತಿಳಿದ ಬೇನೆಗೆ ಪರಿಚಿತರ ಗುಂಪು ಮದ್ದು. ಊರಿಗೆ ತಿಳಿಯದ ಬೇನೆಗೆ ಅಪರಿಚಿತರ ಗುಂಪು ಮದ್ದು. ಕೈತೊಳೆದಷ್ಟೂ ಕೊಳೆ ಹೋಗದೆನಿಸುವವನು, ಕಚೇರಿಯಲ್ಲಿ ಎದ್ದು ನಿಂತು ವರದಿ ಓದಲಾರದವನು, ಮದುವೆಯೊಳಗೆ ಒಂಟಿಯಾದವಳು: ಇವರ ಬೇನೆ ಬದುಕಿರುವುದೇ ಗುಟ್ಟಿನಲ್ಲಿ. ಇವರನ್ನು ಬಲ್ಲವರ ನಡುವೆ ಕೂರಿಸಿದರೆ ಗುಂಪು ಕೂಡುವ ಮೊದಲೇ ಬಾಯಿ ಕಟ್ಟುತ್ತದೆ.

5

ಈ ನಿಯಮವನ್ನು ಹುಟ್ಟುನಾಡಿನ ಹೊರಗೆ ತಂದು ದೆಹಲಿಯ ಜನಕಪುರಿಯಂತಹ ಬಡಾವಣೆಯ ಕನ್ನಡಿಗನಿಗೆ ಅನ್ವಯಿಸಿದಾಗ ತೊಡಕು ಬಯಲಿಗೆ ಬರುತ್ತದೆ. ಪಶ್ಚಿಮ ದೆಹಲಿಯ ಈ ವಿಶಾಲ ಬಡಾವಣೆ 1970ರ ದಶಕದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಯೋಜನೆಯಿಂದ ಬೆಳೆದದ್ದು. ಪಂಜಾಬಿಯ ಸುಳಿವುಳ್ಳ ಹಿಂದಿ ಅಲ್ಲಿನ ಬೀದಿಯ ಭಾಷೆ. ಬ್ಲಾಕಿನಿಂದ ಬ್ಲಾಕಿಗೆ ಚದುರಿಹೋದ ಕನ್ನಡ ಮನೆಗಳು ಹಬ್ಬಹರಿದಿನಗಳಲ್ಲಿ, ಮದುವೆ ಮುಂಜಿಗಳಲ್ಲಿ, ಸಂಘದ ಕಾರ್ಯಕ್ರಮಗಳಲ್ಲಿ ಒಂದಾಗುತ್ತವೆ. ಒಬ್ಬರ ಸುದ್ದಿ ಇನ್ನೊಬ್ಬರನ್ನು ತಲುಪಲು ಹೆಚ್ಚು ಹೊತ್ತು ಬೇಕಿಲ್ಲ. ಬಹುದೂರದ ಹಾದಿ ಬಂದವರು ನಗರದೊಳಗೊಂದು ಹಳ್ಳಿಯನ್ನು ಕಟ್ಟಿಕೊಂಡಿರುತ್ತಾರೆ. ಆ ಹಳ್ಳಿಯೇ ಅವರ ಆಸರೆ. ಆ ಹಳ್ಳಿಯೇ ಅವರ ಅಂಜಿಕೆ.

ಇಲ್ಲಿ ಬೇನೆಬಿದ್ದವನ ಮುಂದೆ ಎರಡು ದಾರಿಗಳಿವೆ. ಹಿಂದಿಯ ಗುಂಪಿಗೆ ಹೋಗುವುದು ಒಂದು. ಅಲ್ಲಿ ಅವನ ಗುಟ್ಟು ಸುರಕ್ಷಿತ. ಅವನ ಉಚ್ಚಾರಣೆಯನ್ನು ಕೇಳಿದವರು ದಕ್ಷಿಣದವನೆಂದು ಗುರುತಿಸಿಯಾರು, ಹೆಚ್ಚೆಂದರೆ ಮದ್ರಾಸಿಯೆಂದಾರು. ಅದಕ್ಕಿಂತ ಆಚೆಗೆ ಅವನ ಊರು, ಕುಲ, ಬಂಧುವರ್ಗ ಯಾವುದೂ ಅವರಿಗೆ ತಿಳಿಯದು. ನಿತ್ಯದಲ್ಲಿ ಚುಚ್ಚುವ ಆ ಹೆಸರು ಅಲ್ಲಿ ಮುಖವಾಡವಾಗಿ ಅವನನ್ನು ಕಾಯುತ್ತದೆ. ಕನ್ನಡದ ಗುಂಪನ್ನು ಸೇರುವುದು ಇನ್ನೊಂದು ದಾರಿ. ಅಲ್ಲಿ ಮಾತು ಸರಾಗ. ಆದರೆ ಎರಡು ವಾಕ್ಯ ಮುಗಿಯುವುದರೊಳಗೆ ಕೇಳುವವರಿಗೆ ಅವನ ಜಿಲ್ಲೆ ತಿಳಿಯುತ್ತದೆ, ಬಹುಮಟ್ಟಿಗೆ ಜಾತಿಯೂ ತಿಳಿಯುತ್ತದೆ. ಧಾರವಾಡದ ರೀ, ಮಂಗಳೂರಿನ ಮಾರಾಯ, ಮೈಸೂರಿನ ಕಣೋ ಇವು ಮುಚ್ಚಿಡಬಹುದಾದ ಗುರುತುಗಳಲ್ಲ. ಎಲ್ಲರ ಸಂಕಟವೂ ಒಂದೇ ಎಂಬ ಅರಿವು ಹುಟ್ಟುವ ಮೊದಲೇ ನಮ್ಮ ಕಡೆಯವರು, ಆ ಕಡೆಯವರು ಎಂಬ ಒಳಗುಂಪುಗಳು ಹುಟ್ಟುತ್ತವೆ. ವಯಸ್ಸಿನ ಗೌರವ ಮತ್ತೊಂದು ತಡೆ. ನೀವು ಎಂದು ಕರೆಯಬೇಕಾದ ಹಿರಿಯರ ಆಲೋಚನೆಗೆ ಸಾಕ್ಷ್ಯವೇನೆಂದು ಕಿರಿಯನು ಕೇಳಿಯಾನೆ?

ಗುಟ್ಟಿನ ವಿಷಯದಲ್ಲಿ ಶಾಸನವೂ ಹೆಚ್ಚಿನ ನೆರವು ನೀಡದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಯ ವಿಷಯಗಳನ್ನು ಗೋಪ್ಯವಾಗಿಡುವ ಹೊಣೆಯನ್ನು ಚಿಕಿತ್ಸೆ ನೀಡುವವರ ಮೇಲೆ ಹೊರಿಸುತ್ತದೆ. ಪಕ್ಕದ ಕುರ್ಚಿಯಲ್ಲಿ ಕುಳಿತ ಸಹರೋಗಿಯನ್ನು ಕಟ್ಟುವುದು ಅವನ ಮಾತೊಂದೇ. ಎಂದ ಮೇಲೆ ಗುಂಪಿನಲ್ಲಿ ಗುಟ್ಟೆಂಬುದು ಹಕ್ಕಲ್ಲ, ಸದಸ್ಯರು ಒಬ್ಬರಿಗೊಬ್ಬರು ಕೊಡುವ ಸಾಲ. ಮರುಪಾವತಿಗೆ ಜಾಮೀನಿಲ್ಲ.

ಜನಕಪುರಿಯ ಮಗ್ಗುಲಲ್ಲೇ ಇರುವ ತಿಹಾರ್ ಕಾರಾಗೃಹದಲ್ಲಿ 1994ರ ಏಪ್ರಿಲ್‌ನಲ್ಲಿ ಸಾವಿರಕ್ಕೂ ಮಿಕ್ಕ ಕೈದಿಗಳು ಹತ್ತು ದಿನದ ವಿಪಶ್ಯನ ಶಿಬಿರದಲ್ಲಿ ಆರ್ಯಮೌನವನ್ನು ಪಾಲಿಸಿ ಕುಳಿತದ್ದು ಪ್ರಸಿದ್ಧ ಸಂಗತಿ. ಬಾಯಿ ಬಿಡದೆಯೂ ಗುಂಪು ಮನುಷ್ಯನಿಗೆ ಬಲಕೊಡಬಲ್ಲದೆಂಬುದಕ್ಕೆ ಅದನ್ನು ಉದಾಹರಿಸುವವರಿದ್ದಾರೆ. ಗುಟ್ಟಿನ ತೊಡಕು ಅಲ್ಲಿ ಏಳುವುದೇ ಇಲ್ಲವೆಂಬುದೂ ನಿಜ. ಆದರೆ ಆಲೋಚನೆಯನ್ನು ನುಡಿಯಾಗಿಸಿ ನಾಲ್ವರ ಮುಂದಿಡುವುದೇ ಯಾವ ಚಿಕಿತ್ಸೆಯ ಮೊದಲ ಹೆಜ್ಜೆಯೋ ಅದಕ್ಕೆ ಮೌನದ ದಾರಿ ಒದಗಲಾರದು. ಊರ ಹೆಸರಿನಲ್ಲಿ ನೆನಪಾಗುವ ಜನಕರಾಜನ ಸಭೆಯೂ ಒದಗಲಾರದು. ಯಾಜ್ಞವಲ್ಕ್ಯರು ವಾದಿಸಿದ ಆ ಸಭೆಯಲ್ಲಿ ಗೆದ್ದವರಿಗೆ ಗೋವುಗಳು, ಸೋತ ಶಾಕಲ್ಯನಿಗೆ ತಲೆಯ ಹಾನಿ. ಕಲ್ಯಾಣದ ಅನುಭವ ಮಂಟಪವನ್ನು ಸಾಮೂಹಿಕ ಚಿಕಿತ್ಸೆಯ ಮೂಲವೆಂದು ವೇದಿಕೆಗಳಲ್ಲಿ ಹೇಳುವುದೂ ಅಭಿಮಾನದ ಮಾತೇ ಹೊರತು ವಿಚಾರದ ಮಾತಲ್ಲ. ಅಲ್ಲಿ ಕೂಡಿದವರು ಅರಸಿದ್ದು ಪರಮಾರ್ಥವನ್ನು. ಇಲ್ಲಿ ಕೂಡುವವರು ಅರಸುವುದು ರಾತ್ರಿಯ ನಿದ್ದೆಯನ್ನು.

6

ಹಾಗಾದರೆ ಗುಟ್ಟು ಕಾಯುವ ಹಿಂದಿಯ ಗುಂಪೇ ಸಾಲದೆ ಎಂದು ಕೇಳಬಹುದು. ದೆಹಲಿಯಲ್ಲಿ ಮೂವತ್ತು ವರ್ಷ ದುಡಿದವನಿಗೆ ಹಿಂದಿ ಬಾರದೆ? ಬರುತ್ತದೆ, ಕಚೇರಿಗೆ, ಬಜಾರಿಗೆ, ನೆರೆಮನೆಗೆ ಸಾಲುವಷ್ಟು ಚೆನ್ನಾಗಿಯೇ ಬರುತ್ತದೆ. ಆದರೆ ಅರಿವು-ವರ್ತನ ಚಿಕಿತ್ಸೆಯಲ್ಲಿ ರೋಗಿಯು ತನ್ನ ಭಾವಕ್ಕೆ ಹೆಸರಿಟ್ಟು, ಅದರ ತೀವ್ರತೆಯನ್ನು ಅಳೆದು, ಬರೆದಿಡಬೇಕು. ಕನ್ನಡದಲ್ಲಿ ಸಂಕೋಚ, ಮುಜುಗರ, ಅಳುಕು, ಹಿಂಜರಿಕೆ, ನಾಚಿಕೆ, ಬಿಗುಮಾನ ಇವು ಆರು ಬೇರೆ ಬೇರೆ ಸ್ಥಿತಿಗಳು. ದಿಗಿಲು, ಕಳವಳ, ತಳಮಳಗಳೂ ಒಂದಲ್ಲ. ಹಿಂದಿಗೂ ಅದರದೇ ಆದ ಸಂಪತ್ತುಂಟು. ಆದರೆ ಅದು ಅವನ ಬಾಲ್ಯದ ಗಂಟಲ್ಲ. ಅವನ ಬಾಯಲ್ಲಿ ಅವೆಲ್ಲವೂ ಟೆನ್ಷನ್ ಎಂಬ ಒಂದು ಪದಕ್ಕೆ ಇಳಿಯುತ್ತವೆ. ಹೆಸರು ಮಸುಕಾದಲ್ಲಿ ಅಳತೆಯೂ ಮಸುಕು. ತುರ್ಕಿ ಮಾತೃಭಾಷೆಯ, ಇಂಗ್ಲಿಷನ್ನು ಅನಂತರ ಕಲಿತ ಜನರನ್ನು ಪರೀಕ್ಷಿಸಿ ಹ್ಯಾರಿಸ್ ಮತ್ತು ಸಹಚರರು 2003ರಲ್ಲಿ ಕಂಡದ್ದನ್ನು ಇಲ್ಲಿ ನೆನೆಯಬಹುದು. ಬಾಲ್ಯದಲ್ಲಿ ಕೇಳಿದ ಗದರಿಕೆಯ ಮಾತುಗಳಿಗೆ ಚರ್ಮದ ವಿದ್ಯುತ್ ಪ್ರತಿಕ್ರಿಯೆ ಇಂಗ್ಲಿಷಿಗಿಂತ ತುರ್ಕಿಯಲ್ಲಿ ಬಲವಾಗಿತ್ತು. ನೀನು ಯಾವುದಕ್ಕೂ ಬಾರದವನು ಎಂಬ ಮಾತನ್ನು ಕನ್ನಡದಲ್ಲಿ ಕೇಳಿ ಬೆಳೆದವನು ಅದನ್ನು ಹಿಂದಿಯಲ್ಲಿ ಪರೀಕ್ಷಿಸಿದರೆ, ಪರೀಕ್ಷಿಸಿದ್ದು ಅನುವಾದವನ್ನು. ಮೂಲ ಒಳಗೆ ಹಾಗೆಯೇ ಉಳಿದಿರುತ್ತದೆ.

ಕನ್ನಡದಲ್ಲಿ ನಡೆಸಿದರೂ ಚಿಕಿತ್ಸೆಯ ಪಾಠವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಆಲೋಚನೆ ಬೇರೆ, ಭಾವ ಬೇರೆ ಎಂದು ಬಿಡಿಸಿ ತೋರಿಸುವುದು ಈ ಪದ್ಧತಿಯ ಮೊದಲ ಪಾಠ. ಕನ್ನಡಿಗನು ಎರಡಕ್ಕೂ ಬಳಸುವುದು ಅನಿಸುತ್ತದೆ ಎಂಬ ಒಂದೇ ಕ್ರಿಯಾಪದವನ್ನು. ಕೆಲಸ ಕೈತಪ್ಪುತ್ತದೆ ಎಂದು ಅನಿಸುತ್ತದೆ; ಬೇಸರ ಅನಿಸುತ್ತದೆ. ಇಂಗ್ಲಿಷಿನ ಪಾಠವನ್ನು ಪದಕ್ಕೆ ಪದವಾಗಿ ಇಳಿಸಿದರೆ ಇಲ್ಲಿ ಅದು ಮುಗ್ಗರಿಸುತ್ತದೆ. ಮತ್ತೂ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ ಭಾವಕ್ಕೆ ಮನುಷ್ಯನು ಬಹುಮಟ್ಟಿಗೆ ಕರ್ತೃವಲ್ಲ. ನನಗೆ ಬೇಸರವಾಗುತ್ತದೆ, ನನಗೆ ಕೋಪ ಬರುತ್ತದೆ. ಭಾವವು ಬಂದುಹೋಗುವ ಅತಿಥಿಯೆಂದು ಭಾಷೆಯೇ ಹೇಳಿಕೊಡುತ್ತಿದೆ. ಆಲೋಚನೆಯಿಂದ ಸ್ವಲ್ಪ ದೂರ ನಿಂತು ನೋಡೆಂದು ಚಿಕಿತ್ಸಕನು ಕಷ್ಟಪಟ್ಟು ಕಲಿಸುವುದಕ್ಕೆ ಈ ವ್ಯಾಕರಣ ಸಿದ್ಧವಾದ ನೆಲ. ಇಂತಹ ಕೆಲಸಕ್ಕೆ ಕನ್ನಡದಲ್ಲಿ ಪೂರ್ವಸಿದ್ಧತೆ ಇಲ್ಲವೆನ್ನಲಾಗದು. ಕೊರವಂಜಿಯ ಡಾ. ಎಂ. ಶಿವರಾಂ ಅವರ ‘ಮನ ಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋವೈದ್ಯವನ್ನು ಸಾಮಾನ್ಯ ಕನ್ನಡಕ್ಕೆ ತರುವುದರಲ್ಲಿ ದೀರ್ಘಕಾಲ ಶ್ರಮಿಸಿದ್ದಾರೆ. ಪದಗಳಿವೆ, ಆ ಪದಗಳನ್ನು ನಾಲ್ವರ ನಡುವೆ ಆಡಲು ಅಂಜಿಕೆಯಿಲ್ಲದ ಗುಂಪು ಬೇಕಾಗಿದೆ.

ಹೀಗೆ ಭಾಷೆ ಒಂದು ಕಡೆಗೆ ಎಳೆದರೆ ಗುಟ್ಟು ಇನ್ನೊಂದು ಕಡೆಗೆ ಎಳೆಯುತ್ತದೆ. ವಲಸೆಗಾರನಿಗೆ ಬೇಕಾದದ್ದು ಕನ್ನಡ ಬಲ್ಲ ಅಪರಿಚಿತರು. ಅವನ ಸುತ್ತ ಇರುವವರೋ ಕನ್ನಡ ಬಲ್ಲ ಪರಿಚಿತರು, ಕನ್ನಡ ಬಾರದ ಅಪರಿಚಿತರು. ಇದು ಅವನ ಮನೋದೌರ್ಬಲ್ಯವಲ್ಲ. ಅವನು ನಿಂತಿರುವ ಸ್ಥಳದ ಗುಣ. ಗುಂಪಿಗೆ ಬಾರದವನನ್ನು ಮನಸ್ಸಿಲ್ಲದವನೆಂದೂ, ಬಂದು ಬಾಯಿ ತೆರೆಯದವನನ್ನು ಚಿಕಿತ್ಸೆಗೆ ಒಗ್ಗದವನೆಂದೂ ಬರೆದಿಡುವ ಅಭ್ಯಾಸವನ್ನು ಇಷ್ಟರಿಂದಲಾದರೂ ಮರುವಿಚಾರ ಮಾಡಬೇಕಾಗಿದೆ.

ಪರಿಹಾರದ ಒಂದು ಎಳೆ ಇತ್ತೀಚಿನ ವರ್ಷಗಳಲ್ಲಿ ಕಂಡುಬಂದಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸೇವೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಆಪ್ತಸಲಹೆಗೆ ದಾರಿಮಾಡಿದೆ. ಅದು ಒಬ್ಬನೊಡನೆ ಒಬ್ಬನ ಮಾತು, ಗುಂಪಲ್ಲ. ಆದರೆ ತೆರೆಯ ಮೇಲೆ ಮುಖ ನೋಡಿ ಮಾತನಾಡುವ ಸೌಕರ್ಯ ಮನೆಮನೆಗೆ ಬಂದಿರುವಾಗ, ಜನಕಪುರಿಯ ಒಬ್ಬರು, ಪುಣೆಯ ಒಬ್ಬರು, ಕಾಸರಗೋಡಿನ ಒಬ್ಬರು, ಮಸ್ಕತ್ತಿನ ಒಬ್ಬರು ಸೇರಿ, ಯಾವ ಸಂಘಕ್ಕೂ ಸೇರದ ಚಿಕಿತ್ಸಕರ ಮುಂದಾಳುತನದಲ್ಲಿ ಕನ್ನಡದ ಗುಂಪಾಗುವುದು ಅಸಾಧ್ಯವಲ್ಲ. ಭಾಷೆ ಒಂದು, ಊರು ಬೇರೆ ಬೇರೆ. ಮಾತು ತೆರೆದದ್ದು, ಗುಟ್ಟು ಭದ್ರ. ಇದಕ್ಕೂ ಕುಂದುಗಳುಂಟು. ಎರಡು ಕೋಣೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತವನ ಮಾತನ್ನು ಮನೆಯವರೇ ಕೇಳಿಯಾರು. ಜೊತೆಯವನ ಕೈನಡುಕವೂ ಸುಮ್ಮನೆ ಕುಳಿತ ಹೊತ್ತಿನ ಭಾರವೂ ತೆರೆಯ ಮೇಲೆ ಕಾಣವು. ಸಭಾಭೀತಿಯವನು ತೆರೆಯ ಮುಂದೆ ಧೈರ್ಯ ಕಲಿತು ಸಭೆಯಲ್ಲಿ ಮತ್ತೆ ತೊದಲಬಹುದು.

ಆದಕಾರಣ ತಂತ್ರಜ್ಞಾನವೇ ತೊಡಕನ್ನು ಬಿಡಿಸೀತೆಂದು ನಂಬಿ ಕೂರುವಂತಿಲ್ಲ. ಹೊರನಾಡಿನ ಕನ್ನಡ ಸಂಘಗಳು ಚಿಕಿತ್ಸಾಲಯಗಳಲ್ಲ, ಆಗಲೂಬಾರದು. ಅವು ಮಾಡಬಹುದಾದದ್ದು ಚಿಕಿತ್ಸೆಗಿಂತ ಹಿಂದಿನ ಕೆಲಸ. ಯಾರದೋ ಮನೆಯ ಬೇನೆ ಸಂಜೆಯ ಕಾಫಿಯ ಜೊತೆಯ ಮಾತಾಗದಿದ್ದರೆ, ಚಿಕಿತ್ಸೆ ಪಡೆದು ಬಂದವನನ್ನು ಎಂದಿನಂತೆ ಗಣಪತಿ ಹಬ್ಬದ ಸಮಿತಿಗೆ ಕರೆದರೆ, ಗುಟ್ಟಿನ ಬೆಲೆ ತಾನಾಗಿ ಇಳಿಯುತ್ತದೆ. ಗುಟ್ಟಿನ ಬೆಲೆ ಇಳಿದಂತೆಲ್ಲ ಪರಿಚಿತರ ಗುಂಪಿನಲ್ಲಿಯೂ ಬಾಯಿ ತೆರೆಯುವುದು ಸಾಧ್ಯವಾಗುತ್ತದೆ. ಗುಂಪಿನ ಗುಣವನ್ನು ಪಾಶ್ಚಾತ್ಯ ವಿದ್ವಾಂಸರು ಚಿಕಿತ್ಸೆಯ ಕೋಣೆಯೊಳಗೆ ಅಳೆದರು. ಅದರಲ್ಲಿ ಬಹುಪಾಲು ಕೋಣೆಯ ಹೊರಗೇ ನಿಶ್ಚಯವಾಗಿರುತ್ತದೆಂಬುದು ಜನಕಪುರಿಯ ಕನ್ನಡಿಗನ ಸ್ಥಿತಿಯಿಂದ ತಿಳಿದುಬರುತ್ತದೆ.